ಜೋಮು ಬೇರೆ, ಮರಗಟ್ಟುವುದು ಬೇರೆ

ಸೋಮವಾರಪೇಟೆ ಕಡೆಯ ಒಂದು ಊರಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ಪಾದ ತಪಾಸಣೆಯ ಶಿಬಿರ ಇತ್ತು. ದೊಡ್ಡಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ತುಂಬಿಸಿಕೊಳ್ಳುತ್ತಿದ್ದ ಫಾರಂನಲ್ಲಿ ಒಂದು ಸಾಲು ಹೀಗಿತ್ತು: 'ಜೋಮು / ಮರಗಟ್ಟುವಿಕೆ: ಇದೆ, ಇಲ್ಲ'.

"ಜೋಮು ಉಂಟಾ ಅಜ್ಜ?" ಅಂತ ಸಿಸ್ಟರ್ ಕೇಳಿದರು.

"ಎರಡು ವರ್ಷದ ಹಿಂದೆ ಜಾಸ್ತಿ ಇತ್ತಮ್ಮ. ರಾತ್ರಿ ನಿದ್ದೆ ಮಾಡೋಕೆ ಬಿಡ್ತಿರಲಿಲ್ಲ. ಈಗ ಪೂರ್ತಿ ಹೋಗಿದೆ."

'ಇಲ್ಲ' ಅನ್ನುವುದರ ಮೇಲೆ ಟಿಕ್ ಬಿತ್ತು. ಮುಂದಿನವರನ್ನು ಕರೆದರು.

ಆ ಎರಡು ಪದಗಳ ನಡುವೆ ಇದ್ದ ಓರೆಗೆರೆ ನನಗೆ ಈಗಲೂ ಚುಚ್ಚುತ್ತದೆ. ಎರಡೂ ಒಂದೇ ಅನ್ನುವ ಹಾಗೆ ಬರೆದಿದ್ದರು. ಆಮೇಲೆ ಗಮನಿಸಿದರೆ ಎಲ್ಲ ಕಡೆ ಇದೇ ಕಥೆ. ಕರಪತ್ರದಲ್ಲಿ, ವಾಟ್ಸಾಪ್ ಸಂದೇಶದಲ್ಲಿ, ಆರೋಗ್ಯದ ಅಂಕಣಗಳಲ್ಲಿ, ಜೋಮು ಅಂದರೆ ಮರಗಟ್ಟುವುದು, ಮರಗಟ್ಟುವುದು ಅಂದರೆ ಜೋಮು. ಕನ್ನಡದಲ್ಲಿ ಎರಡು ಪದ ಸುಮ್ನೆ ಹುಟ್ಟಿಲ್ಲ. ಸಕ್ಕರೆ ಕಾಯಿಲೆಯವರ ವಿಷಯದಲ್ಲಂತೂ ಇವೆರಡರ ನಡುವೆ ಹಲವು ವರ್ಷಗಳ ಅಂತರ ಇರಬಹುದು.

ಜೋಮು ಹಿಡಿದರೆ ನಮಗೆ ಗೊತ್ತಾಗುತ್ತದೆ. ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಕಾಲಲ್ಲಿ ಇರುವೆ ಹರಿದ ಹಾಗೆ ಆಗುತ್ತದಲ್ಲ, ಅದು. 'ಜುಮ್' ಅನ್ನುವುದೂ ಅದೇ ಅನುಭವದ ಸದ್ದು. ಸಕ್ಕರೆ ಕಾಯಿಲೆಯಲ್ಲಿ ಈ ಜೋಮು ಕೂತಿದ್ದಕ್ಕೆ ಬರುವುದಲ್ಲ. ಮಲಗಿದಾಗ ಬರುತ್ತದೆ, ಜೊತೆಗೆ ಪಾದ ಉರಿ, ಸೂಜಿ ಚುಚ್ಚಿದಂಥ ನೋವು. ಹೊದ್ದ ಕಂಬಳಿ ತಾಗಿದರೂ ತಡೆಯಲಾಗದವರಿದ್ದಾರೆ. ಪೆಟ್ಟು ತಿಂದ ನರ ಇಲ್ಲದ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಿರುತ್ತದೆ. ಅಂದರೆ ಅದಿನ್ನೂ ಬದುಕಿದೆ.

ಈಗ ಮರಗಟ್ಟುವುದಕ್ಕೆ ಬನ್ನಿ. ಮರ ಮತ್ತು ಕಟ್ಟು ಸೇರಿ ಮರಗಟ್ಟು. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದ ಹಾಗೆ, ಅದೇ ಆದೇಶ ಸಂಧಿ. ಮರದ ಹಾಗೆ ಆಗುವುದು ಅಂತ ಅರ್ಥ. ಇದು ನಮ್ಮೊಬ್ಬರ ಕಲ್ಪನೆಯೂ ಅಲ್ಲ. ತೋಟದ ಲೈನ್ ಮನೆಗಳಲ್ಲಿ ತಮಿಳು ಮಾತಾಡುವವರು ಕಾಲು 'ಮರತ್ತುಪೋಚ್ಚು' ಅನ್ನುತ್ತಾರೆ. ಗಡಿಯಾಚೆಯ ಮಲಯಾಳಿಗಳಿಗೆ ಅದು 'ಮರವಿಪ್ಪ್'. ಅಲ್ಲೂ 'ಮರ' ಕೇಳಿಸುತ್ತದೆ, ಅಲ್ವಾ?

ಆದರೆ ನನಗೆ ಮರಕ್ಕಿಂತ 'ಗಟ್ಟು' ಮುಖ್ಯ ಅನಿಸುತ್ತದೆ. ಕೆನೆಗಟ್ಟು, ಹೆಪ್ಪುಗಟ್ಟು, ಹರಳುಗಟ್ಟು, ಪಾಚಿಗಟ್ಟು. ಇವೆಲ್ಲ ಎಂಥ ಕೆಲಸಗಳು ನೋಡಿ. ಹಾಲು ಕೆನೆಗಟ್ಟಿದ ಗಳಿಗೆಯನ್ನು ಯಾರು ಕಂಡಿದ್ದಾರೆ? ಜೇನು ಹರಳುಗಟ್ಟುವಾಗ ಬಾಟಲಿ ಸದ್ದು ಮಾಡುವುದಿಲ್ಲ. ಮಳೆಗಾಲ ಮುಗಿದ ಮೇಲೆ ಅಂಗಳ ಜಾರಿದಾಗಲೇ ಪಾಚಿ ಗೊತ್ತಾಗುವುದು. ಕಾಲು ಮರಗಟ್ಟುವುದೂ ಹಾಗೇ. ಸ್ಪರ್ಶ ಹೋಗಿದೆ ಅನ್ನುವುದನ್ನು ಹೇಳಬೇಕಾದ್ದು ನರವೇ, ಸೋತಿರುವುದೂ ಅದೇ. ಹಾಗಿದ್ದ ಮೇಲೆ ರೋಗಿಯನ್ನು "ಮರಗಟ್ಟಿದೆಯಾ?" ಅಂತ ಕೇಳಿ ಬರೆದುಕೊಳ್ಳುವುದರಲ್ಲಿ ಏನರ್ಥ? ಸಕ್ಕರೆ ಕಾಯಿಲೆಯಿಂದ ಪಾದದ ನರ ಕೆಟ್ಟವರಲ್ಲಿ ಅರ್ಧದಷ್ಟು ಜನರಿಗೆ ಯಾವ ಲಕ್ಷಣವೂ ಇಲ್ಲದಿರಬಹುದು ಅಂತ ವೈದ್ಯರೇ ಹೇಳುತ್ತಾರೆ.

ದೊಡ್ಡಪ್ಪನ ಮಾತಿಗೆ ಹೋಗೋಣ. "ಈಗ ಪೂರ್ತಿ ಹೋಗಿದೆ." ಜೋಮು ಎರಡು ದಾರಿಯಲ್ಲಿ ಹೋಗುತ್ತದೆ. ಸಕ್ಕರೆ ಹಿಡಿತಕ್ಕೆ ಬಂದು ನರ ಸ್ವಲ್ಪ ಚೇತರಿಸಿಕೊಂಡಿರಬಹುದು. ಇಲ್ಲವೇ ಸುದ್ದಿ ಕಳಿಸುತ್ತಿದ್ದ ನರದ ಎಳೆಗಳೇ ಸತ್ತಿರಬಹುದು. ಮಲಗಿರುವವನಿಗೆ ಎರಡೂ ಒಂದೇ, ನಿದ್ದೆ ಬರುತ್ತದೆ. ಯಾವುದು ಅಂತ ಮುಟ್ಟಿ ನೋಡಿದರೆ ಮಾತ್ರ ತಿಳಿಯುತ್ತದೆ.

ನಮ್ಮ ಕೊಡಗಿನಲ್ಲಿ ಇನ್ನೊಂದು ತೊಡಕಿದೆ, ಚಳಿ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಗದ್ದೆಗಿಳಿದು ಬಂದವರ ಕಾಲು ಹೇಗೂ ಮರಗಟ್ಟುತ್ತದೆ. ಹಾಗಾಗಿ ವರ್ಷವಿಡೀ ಏನಾದರೂ ಚಳಿಯ ಮೇಲೆ ಹಾಕುತ್ತೇವೆ. ಚಳಿಯದ್ದು ಬೆಚ್ಚಗಾದರೆ ಬಿಡುತ್ತದೆ. ಸಕ್ಕರೆಯದ್ದು ಬಿಡುವುದಿಲ್ಲ. ಅದು ಸಾಮಾನ್ಯವಾಗಿ ಎರಡೂ ಕಾಲಿನ ಬೆರಳ ತುದಿಯಿಂದ ಶುರುವಾಗಿ ಕಾಲುಚೀಲ ಎಳೆದುಕೊಂಡ ಹಾಗೆ ಮೇಲೆ ಏರುತ್ತದೆ. ಸೊಂಟದಿಂದ ಕಾಲ್ಬೆರಳಿಗೆ ಇಳಿಯುವ ನರದ ಎಳೆಗಳು ಮೈಯಲ್ಲೇ ಅತಿ ಉದ್ದ, ಹತ್ತಿರ ಹತ್ತಿರ ಒಂದು ಮೀಟರ್. ಮೊದಲು ಸೋಲುವುದು ಅವುಗಳ ತುದಿ.

'ನರ' ಅನ್ನುವ ಪದವೂ ನಮ್ಮನ್ನು ದಾರಿ ತಪ್ಪಿಸುತ್ತದೆ. ರಕ್ತ ತೆಗೆಯುವಾಗ "ನರ ಸಿಗ್ತಿಲ್ಲ" ಅನ್ನುತ್ತೇವೆ, ಅದು ರಕ್ತನಾಳ. ಹೀಗಾಗಿ ನರ ಕೆಟ್ಟಿದೆ ಅಂದರೆ ರಕ್ತ ಓಡುತ್ತಿಲ್ಲ ಅಂತ ತಿಳಿದು ಒಲೆ ಮುಂದೆ ಕಾಲು ಚಾಚಿ ಕೂರುತ್ತಾರೆ. ಬಿಸಿಯನ್ನು ಅರಿಯುವ ಸಣ್ಣ ಎಳೆಗಳು ಬೇಗ ಕೆಡುವಂಥವು. ಕೆಂಡದ ಮುಂದೆ ಚರ್ಮ ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಫೆಬ್ರವರಿ ಬಿಸಿಲಿಗೆ ಕಾದ ಕಣದಲ್ಲಿ ಬರಿಗಾಲಲ್ಲಿ ಕಾಫಿ ತಿರುವುವಾಗಲೂ ಇದೇ ಅಪಾಯ. ದಯವಿಟ್ಟು ಇದನ್ನು ನಿಮ್ಮ ಮನೆಯ ಹಿರಿಯರಿಗೆ ಹೇಳಿ.

ಹಾಗಾದರೆ ಬೇಗ ಹೇಗೆ ಪತ್ತೆ ಮಾಡುವುದು? ಆಸ್ಪತ್ರೆಯಲ್ಲಿ ಸೂಜಿ ಮೊನೆ ತಾಗಿಸಿ, ಬಿಸಿ ತಂಪು ಇಟ್ಟು ಸಣ್ಣ ಎಳೆಗಳನ್ನು ನೋಡುತ್ತಾರೆ. ದಪ್ಪ ಎಳೆಗಳಿಗೆ 128 ಹರ್ಟ್ಸ್‌ನ ಶ್ರುತಿಕವಲು, ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಬಡಿದು ತೋರಿಸುತ್ತಿದ್ದರಲ್ಲ, ಆ ಜಾತಿಯದು. ಅದನ್ನು ಹೆಬ್ಬೆರಳಿನ ಮೂಳೆ ಮೇಲಿಟ್ಟು ನಡುಕ ತಿಳಿಯುತ್ತದಾ ಅಂತ ಕೇಳುತ್ತಾರೆ. ಇನ್ನೊಂದು ಮಾನೋಫಿಲಮೆಂಟ್, ಒಂದು ನೈಲಾನ್ ಎಳೆ. ಹತ್ತು ಗ್ರಾಂ ಒತ್ತಡಕ್ಕೆ ಸರಿಯಾಗಿ ಬಾಗುತ್ತದೆ. ಆ ಒತ್ತಡವೂ ತಿಳಿಯದಿದ್ದರೆ ಪಾದ ತನ್ನನ್ನು ತಾನು ಕಾಯ್ದುಕೊಳ್ಳುವ ಶಕ್ತಿ ಕಳೆದುಕೊಂಡಿದೆ ಅಂತ ಅರ್ಥ. ಅಷ್ಟು ಹೊತ್ತಿಗೆ ಹಾನಿ ತುಂಬ ಮುಂದೆ ಹೋಗಿರುತ್ತದೆ. ಹಾಗಾಗಿ ನೈಲಾನ್ ಎಳೆ ತಾಗಿದ್ದು ತಿಳಿದ ಮಾತ್ರಕ್ಕೆ ನರ ಪೂರ್ತಿ ಚೆನ್ನಾಗಿದೆ ಅಂದುಕೊಳ್ಳಬೇಡಿ. ಅದೊಂದನ್ನೇ ಮಾಡಿ ಕಳಿಸಿದರೆ ಉಳಿದದ್ದನ್ನೂ ಕೇಳಿ. ಟೈಪ್ 2 ಇದ್ದವರಿಗೆ ಕಾಯಿಲೆ ಗೊತ್ತಾದ ದಿನದಿಂದಲೇ, ಟೈಪ್ 1 ಇದ್ದವರಿಗೆ 5 ವರ್ಷದ ನಂತರ, ಆಮೇಲೆ ಪ್ರತಿ ವರ್ಷ ಈ ಪರೀಕ್ಷೆ ಆಗಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯಲ್ಲಿ ಹುಟ್ಟಿದ್ದು, ಹೆಸರೂ ಆ ಊರಿನದ್ದೇ. ಶಿಬಿರದಿಂದ ಬಂದ ಸಂಜೆ ದೊಡ್ಡಪ್ಪನನ್ನು ಮಂಚದ ಮೇಲೆ ಮಲಗಿಸಿ ಕಣ್ಣು ಮುಚ್ಚಿಸಿದೆ. ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ತುದಿ. ನನ್ನ ತೋರುಬೆರಳಿಂದ ಗರಿ ತಾಗಿದಷ್ಟು ಹಗುರಾಗಿ, ಒಂದೆರಡು ಸೆಕೆಂಡ್ ಮಾತ್ರ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಒಂದು ಬೆರಳಿಗೆ ಒಂದೇ ಸಲ. ತಿಳಿದಾಗ ಅವರು "ಬಲ" ಅಥವಾ "ಎಡ" ಅನ್ನಬೇಕು. ಆರರಲ್ಲಿ ಎರಡು ತಪ್ಪಿದರೂ ವೈದ್ಯರ ಹತ್ತಿರ ಹೋಗಬೇಕು.

ಬಲ ಹೆಬ್ಬೆರಳು ಮುಟ್ಟಿದೆ. "ಬಲ" ಅಂದರು. ಬಲ ಕಿರುಬೆರಳು ಮುಟ್ಟಿದೆ. ಸುಮ್ಮನಿದ್ದರು. ಎಡ ಹೆಬ್ಬೆರಳು, ಸುಮ್ಮನಿದ್ದರು. ಎಡ ಕಿರುಬೆರಳು. "ಶುರು ಮಾಡೋ, ಎಷ್ಟು ಹೊತ್ತು ಹೀಗೇ ಮಲಗಿರ್ಲಿ?" ಅಂದರು. ನನ್ನ ಬೆರಳು ಆಗ ಅವರ ಕಾಲಿನ ಮೇಲೇ ಇತ್ತು.

ಮಾರನೇ ವಾರ ವೈದ್ಯರು ಶ್ರುತಿಕವಲು ಇಟ್ಟು ನೋಡಿದರು, ವಿಟಮಿನ್ ಬಿ12 ಪರೀಕ್ಷೆಯನ್ನೂ ಬರೆದುಕೊಟ್ಟರು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತುಂಬ ವರ್ಷ ತಗೊಂಡವರಲ್ಲಿ ಬಿ12 ಕಡಿಮೆ ಆಗಬಹುದು, ಅದರಿಂದಲೂ ಇದೇ ಥರದ ತೊಂದರೆ ಬರುತ್ತದೆ. ಸತ್ತ ಎಳೆಗಳನ್ನು ಮಾತ್ರೆ ವಾಪಸ್ ತರುವುದು ಕಷ್ಟ, ಸಕ್ಕರೆ ಹಿಡಿತದಲ್ಲಿಟ್ಟರೆ ಉಳಿದದ್ದನ್ನು ಕಾಪಾಡಬಹುದು ಅಂದರು. ಈಗ ತೋಟಕ್ಕೆ ಹೊರಡುವ ಮುಂಚೆ ದೊಡ್ಡಮ್ಮ ಅವರ ಗಮ್‌ಬೂಟ್ ತಲೆಕೆಳಗು ಮಾಡಿ ಕೊಡವುತ್ತಾರೆ. ಮೊನ್ನೆ ಒಂದು ಜಲ್ಲಿ ಕಲ್ಲು ಬಿತ್ತು. ಹಿಂದಿನ ದಿನವೆಲ್ಲ ಅದರ ಮೇಲೇ ನಡೆದಿದ್ದರು.

ಫಾರಂ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ಸಾಲನ್ನು ಒಡೆಯಿರಿ. 'ಜೋಮು ಇದೆಯಾ? ಮುಂಚೆ ಇತ್ತಾ? ಯಾವಾಗ ನಿಂತಿತು?' ಅಂತ ಒಂದು ಸಾಲು. 'ಮರಗಟ್ಟುವಿಕೆ' ಅಂತ ಬೇರೆ ಸಾಲು. ಅದನ್ನು ರೋಗಿಯನ್ನು ಕೇಳಿ ತುಂಬಬೇಡಿ. ಚಪ್ಪಲಿ ಬಿಚ್ಚಿಸಿ, ಬೆರಳು ಮುಟ್ಟಿ ನೋಡಿ ತುಂಬಿ.