ಉಟ್ಟ ಸೀರೆ ಮತ್ತೆ ಉಡಬೇಕೆಂದರೆ ಜಂಪರದ (ರವಿಕೆಯ) ಒಳಗೆ ಹೆಚ್ಚು ಬಟ್ಟೆ ಬಿಡಿಸಿ

ಮದುವೆ ಸೀಸನ್ ಬಂತೆಂದರೆ ಹುಬ್ಬಳ್ಳಿಯ ನಮ್ಮ ಹೊಲಿಗೆ ಅಂಗಡಿಯಲ್ಲಿ ಒಂದೇ ಮಾತು ಕೇಳುತ್ತದೆ. "ಈ ಸೀರಿ ಎಲ್ಲಾರೂ ನೋಡ್ಯಾರ್ರೀ, ಫೋಟೋದಾಗೂ ಐತಿ. ಮತ್ತ ಹೆಂಗ ಉಡ್ಲಿ?" ಸಾವಿರಾರು ರೂಪಾಯಿಯ ರೇಷ್ಮೆ ಸೀರೆ ಒಂದು ಅಕ್ಕಿಕಾಳಿಗೆ, ಅಂದರೆ ಒಂದು ಮದುವೆಗೆ, ಉಟ್ಟು ಟ್ರಂಕು ಸೇರಿಬಿಡುತ್ತದೆ. ನೋಡಿ ಸಂಕಟವಾಗುತ್ತದೆ.

ಬ್ರಿಟನ್ನಿನ ರಾಜಮನೆತನದವರಿಗಿಂತ ಜಾಸ್ತಿ ಫೋಟೋ ಯಾರದು ತೆಗೀತಾರೆ, ಹೇಳಿ. ಅವರೇ ಹಾಕಿದ್ದನ್ನು ಮತ್ತೆ ಹಾಕುತ್ತಾರೆ. ರಾಜಕುಮಾರಿ ಆನ್ 1981ರಲ್ಲಿ ಅಣ್ಣ ಚಾರ್ಲ್ಸ್ ಮದುವೆಗೆ ತೊಟ್ಟ ಹೂವಿನ ಉಡುಪಿನಲ್ಲೇ 2008ರಲ್ಲಿ ಬಂಧುಗಳ ಮದುವೆಗೆ ಬಂದರು. 27 ವರ್ಷ ಆದಮೇಲೆ! ಎರಡನೇ ಎಲಿಜಬೆತ್ ರಾಣಿ 1953ರ ಪಟ್ಟಾಭಿಷೇಕದ ಗೌನನ್ನೇ ಮರುವರ್ಷ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಸಿಲೋನ್ ಸಂಸತ್ತುಗಳಿಗೆ ತೊಟ್ಟು ಹೋದರು. 2023ರಲ್ಲಿ ಚಾರ್ಲ್ಸ್ ತಮ್ಮ ಪಟ್ಟಾಭಿಷೇಕದಲ್ಲಿ ಹೊದ್ದ ಜರತಾರಿ ನಿಲುವಂಗಿಯಂತೂ 1821ರದು.

ನನ್ನ ಕಣ್ಣು ಹೋಗುವುದು ಇದರ ಹಿಂದಿನ ಹೊಲಿಗೆ ಕೆಲಸದ ಕಡೆಗೆ. 2020ರಲ್ಲಿ ರಾಜಕುಮಾರಿ ಬಿಯಾಟ್ರಿಸ್ ಮದುವೆಗೆ ತೊಟ್ಟಿದ್ದು ಅಜ್ಜಿ ಎಲಿಜಬೆತ್ ರಾಣಿಯ ಗೌನು. ಅಜ್ಜಿ ಅದನ್ನು 1962ರಲ್ಲೇ ತೊಟ್ಟಿದ್ದರು. ಮೊಮ್ಮಗಳಿಗೆ ಅಳತೆ ಸರಿಮಾಡಿ, ಆರ್ಗಂಜಾದ ಗಿಡ್ಡ ತೋಳು ಕೂಡಿಸಿದರು. ಅಷ್ಟಕ್ಕೇ ಅದು ಮದುಮಗಳ ಉಡುಪಾಯಿತು.

ನಮ್ಮಲ್ಲಿ ಸೀರೆ ಮೂಲೆಗೆ ಬೀಳುವುದಕ್ಕೆ ಫೋಟೋ ಒಂದು ನೆಪ, ಅಷ್ಟೆ. ಹತ್ತಿರ ಕೂತು ಮಾತಾಡಿಸಿದರೆ ಗೊತ್ತಾಗುತ್ತದೆ, ಜಂಪರ ಬಿಗಿಯಾಗಿರುತ್ತದೆ. ಬಿಚ್ಚೋಣವೆಂದರೆ ಒಳಗೆ ಬಟ್ಟೆಯೇ ಇರುವುದಿಲ್ಲ, ಹೊಲಿದವರು ಕತ್ತರಿಸಿ ಎಸೆದಿರುತ್ತಾರೆ. ಅದಕ್ಕೇ ಹೊಲಿಯಲು ಕೊಡುವಾಗಲೇ ಹೇಳಿ: ಬಗಲಿನ ಕೆಳಗೆ ಎರಡೂ ಪಕ್ಕ ಒಂದೂವರೆ ಇಂಚು ಬಟ್ಟೆ ಒಳಗೆ ಇರಲಿ, ತೋಳಿನ ಹೊಲಿಗೆಯಲ್ಲೂ ಇರಲಿ. ಬಾಣಂತನ ಮುಗಿದ ಮೇಲೂ ಅದೇ ಜಂಪರ ಬಿಚ್ಚಿ ಕೂಡಿಸಿಕೊಡಬಹುದು. ಲೈನಿಂಗ್ ಬಟ್ಟೆಯಲ್ಲೂ ಅಷ್ಟೇ ಜಾಗ ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ.

ಇನ್ನು ಫಾಲ್. ಉಟ್ಟಾಗ ದಡಿ ಸುಕ್ಕುಸುಕ್ಕಾಗಿ ಮೇಲೆ ಎಳೆದ ಹಾಗೆ ಕಂಡರೆ, ಸೀರೆ ಕೆಟ್ಟಿತು ಅನ್ನಬೇಡಿ. ಸೆರಗಿನ ಕಡೆ ಹಿಡಿದು ನೋಡಿ, ಅಲ್ಲಿ ದಡಿ ನೆಟ್ಟಗೇ ಇರುತ್ತದೆ. ನಿರಿಗೆ ಬರುವ ಜಾಗದಲ್ಲಿ ಒಳಗಿನ ಹತ್ತಿ ಫಾಲ್ ನೀರು ಕಂಡು ಗಿಡ್ಡಾಗಿ, ರೇಷ್ಮೆಯನ್ನು ಎಳೆದುಕೊಂಡು ಕೂತಿರುತ್ತದೆ. ಹಳೆ ಫಾಲ್ ಬಿಚ್ಚಿ, ಹೊಸದನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ ಹಚ್ಚಿದರೆ ದಡಿ ಮತ್ತೆ ಸೀದಾ ನಿಲ್ಲುತ್ತದೆ. ಖರ್ಚೂ ಏನು ಜಾಸ್ತಿ ಇಲ್ಲ.

ಉಟ್ಟು ಬಂದ ಕೂಡಲೇ ಮಡಚಬೇಡಿ, ಬೆವರು ಆರಲಿ. ಸೆಂಟನ್ನು ಜರಿ ಮೇಲೆ ಹೊಡೆಯಬೇಡಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಹಳೆ ಧೋತರದಲ್ಲಿ ಸುತ್ತಿ. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ರೇಷ್ಮೆ ಸೀಳುವುದು ಜಾಸ್ತಿ ಹಳೆ ಮಡಿಕೆಯಲ್ಲೇ.

ನಮ್ಮ ಧಾರವಾಡ ಸೀಮೆಯ ಕಸೂತಿ ಈ ವಿಷಯದಲ್ಲಿ ದೊಡ್ಡ ಭಾಗ್ಯ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ, ಎರಡೂ ಬದಿ ಒಂದೇ ಥರ ಕಾಣುತ್ತದೆ. ಸೀರೆ ಹರಿದರೂ ಗಟ್ಟಿಯಿರುವ ಕಸೂತಿ ತುಂಡನ್ನು ಹೊಸ ಜಂಪರದ ತೋಳಿಗೋ ಬೆನ್ನಿಗೋ ಕೂಡಿಸಬಹುದು. ಅಂಥ ಜಂಪರ ಹಳೆ ಸೀರೆಯ ರೂಪವನ್ನೇ ಬದಲಿಸುತ್ತದೆ.

ಆದರೆ ಎಲ್ಲಿ ನಿಲ್ಲಿಸಬೇಕೆಂದೂ ತಿಳಿದಿರಬೇಕು. ಅದೇ ರಾಜಮನೆತನದಲ್ಲಿ ಕೂಸುಗಳ ನಾಮಕರಣಕ್ಕೆ 1841ರಿಂದ ಒಂದೇ ಲೇಸಿನ ಅಂಗಿ ತೊಡಿಸುತ್ತಿದ್ದರು. 2004ರ ನಂತರ, ಬಟ್ಟೆ ತೀರಾ ಸೋತಿದೆ ಎಂದು ತೆಗೆದಿಟ್ಟು, ಅದರಂತೆಯೇ ಇನ್ನೊಂದು ಮಾಡಿಸಿದರು. 2008ರಿಂದ ಅದನ್ನೇ ತೊಡಿಸುತ್ತಾರೆ. ಹೊಸ ಲೇಸಿಗೆ ಹಳೆಯ ಬಣ್ಣ ಬರಲೆಂದು ಚಹಾದಲ್ಲಿ ಅದ್ದಿದರಂತೆ! ಎಂಥ ಕಾಳಜಿ ಅಲ್ವಾ?

ಅಜ್ಜಿಯ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಮಡಿಕೆಯಲ್ಲಿ ಬೆಳಕು ಗೆರೆಯಾಗಿ ತೂರಿ ಬಂದರೆ, ಮೆಲ್ಲಗೆ ಎಳೆದಾಗ ಪರ್ ಎಂದರೆ, ರಫೂ ಮಾಡಿಸಬೇಡಿ. ಸೂಜಿಯ ತೂತಿನಿಂದಲೇ ಮತ್ತಷ್ಟು ಸೀಳುತ್ತದೆ. ಗದಗ-ಬೆಟಗೇರಿ, ಗಜೇಂದ್ರಗಡ ಕಡೆಯ ಕೈಮಗ್ಗದ ನೇಕಾರರಿಗೆ ತೋರಿಸಿ, ಅದೇ ನಮೂನೆ ನೇಯಲಾದೀತೇ ಎಂದು ಕೇಳಿ. ಹೋಗುವಾಗ ಇಡೀ ಸೀರೆ ಒಯ್ಯಿರಿ, ತುಂಡು ಕತ್ತರಿಸಬೇಡಿ. ದಡಿಯ ಅಗಲ, ಚೌಕಡಿಯ ಅಳತೆ, ಸೆರಗು ಶುರುವಾಗುವ ಜಾಗ ಎಲ್ಲ ಅವರು ಅದರಿಂದಲೇ ಎಣಿಸಿಕೊಳ್ಳಬೇಕು.