ಅನ್ನ ಬಿಟ್ಟು ಮುದ್ದೆ ಉಂಡರೆ ಸಾಕೇ?

ಪ್ರಶ್ನೆ: ರಕ್ತಪರೀಕ್ಷೆಯಲ್ಲಿ ಸಕ್ಕರೆ ಅಂಶ ಮಿತಿಗಿಂತ ತುಸು ಹೆಚ್ಚಿದೆ ಎಂದರು. ರಾತ್ರಿ ಅನ್ನದ ಬದಲು ರಾಗಿಮುದ್ದೆ ಉಣ್ಣುತ್ತಿದ್ದೇನೆ, ಕಾಫಿಗೆ ಸಕ್ಕರೆಯ ಬದಲು ಬೆಲ್ಲ ಹಾಕುತ್ತಿದ್ದೇನೆ. ಇಷ್ಟು ಬದಲಾವಣೆ ಸಾಕೇ?

ಉತ್ತರ: ಬೆಲ್ಲದ ಮಾತನ್ನು ಮೊದಲು ಮುಗಿಸಿಬಿಡೋಣ. ಬೆಲ್ಲದಲ್ಲಿರುವುದೂ ಬಹುಪಾಲು ಸಕ್ಕರೆಯೇ ಆದ್ದರಿಂದ ಆ ಬದಲಾವಣೆಯಿಂದ ನಿಮಗೆ ಪ್ರಯೋಜನವಿಲ್ಲ. ಸಿಹಿಯ ಪ್ರಮಾಣವನ್ನೇ ವಾರವಾರವೂ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬನ್ನಿ.

ಮುದ್ದೆಯ ಆಯ್ಕೆ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರುವುದಿಲ್ಲ; ಕ್ಯಾಲ್ಸಿಯಂ ಅಂತೂ ರಾಗಿಯಲ್ಲಿ 300 ಮಿಲಿಗ್ರಾಂ ಮೀರುತ್ತದೆ, ಅಕ್ಕಿಯಲ್ಲಿ 10ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆದರೆ ರಾಗಿಯಲ್ಲಿಯೂ ತೂಕದ ಮೂರನೇ ಎರಡು ಭಾಗ ಪಿಷ್ಟವೇ ಆಗಿರುವುದರಿಂದ, ‘ರಾಗಿ ತಾನೇ’ ಎಂದು ಎರಡು ದೊಡ್ಡ ಮುದ್ದೆ ಉಂಡರೆ ಅನ್ನ ಬಿಟ್ಟ ಲಾಭ ಅಲ್ಲಿಗೇ ಕರಗುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿಯಾದರೆ ಇನ್ನೂ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ನವಣೆ, ಸಾಮೆಗಳ ವಿಷಯದಲ್ಲಿಯೂ ಅಳತೆಯ ಮಾತು ಇದೇ.

ನನ್ನ ದೃಷ್ಟಿಯಲ್ಲಿ ಧಾನ್ಯಕ್ಕೆ ಧಾನ್ಯವನ್ನು ಬದಲಿಸುವುದಕ್ಕಿಂತ, ಧಾನ್ಯವನ್ನು ತಗ್ಗಿಸಿ ಆ ಜಾಗಕ್ಕೆ ಕಾಳು, ಸೊಪ್ಪುಗಳನ್ನು ತರುವುದೇ ಹೆಚ್ಚು ಫಲ ಕೊಡುವ ಬದಲಾವಣೆ. ಇದಕ್ಕೆ ಹೊಸ ಅಡುಗೆ ಕಲಿಯಬೇಕಾಗಿಲ್ಲ, ನಮ್ಮ ಬಸ್ಸಾರನ್ನೇ ನೋಡಿ. ಹುರುಳಿಯನ್ನೋ ಹೆಸರುಕಾಳನ್ನೋ ಸೊಪ್ಪಿನೊಂದಿಗೆ ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡುತ್ತೇವೆ. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತೇವೆ. ಆದರೆ ಉಣ್ಣುವಾಗ ಸಾರಿನಲ್ಲಿ ಮುದ್ದೆಯನ್ನು ಮುಳುಗಿಸಿ, ಪಲ್ಯವನ್ನು ಎರಡು ಚಮಚದಷ್ಟು ಮಾತ್ರ ತಟ್ಟೆಯ ಅಂಚಿಗೆ ಹಾಕಿಕೊಳ್ಳುತ್ತೇವೆ. ಒಣ ಹುರುಳಿಯ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ, ಅದರ ಹೆಚ್ಚಿನ ಪಾಲು ಉಳಿಯುವುದು ಆ ಪಲ್ಯದಲ್ಲಿಯೇ. ಆದ್ದರಿಂದ ಪಲ್ಯವನ್ನು ಒಂದು ಬಟ್ಟಲು ತುಂಬ ಬಡಿಸಿಕೊಂಡು, ಮುದ್ದೆಯನ್ನು ಒಂದು ಸಣ್ಣ ಕಿತ್ತಳೆಯಷ್ಟಕ್ಕೆ ಇಳಿಸಿರಿ.

ನೀವು ಈಗಾಗಲೇ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ಊಟವನ್ನು ಒಮ್ಮೆಲೇ ತಗ್ಗಿಸಬೇಡಿ. ಸಕ್ಕರೆ ತೀರಾ ಇಳಿದುಹೋಗುವ ಅಪಾಯವಿರುವುದರಿಂದ ವೈದ್ಯರಿಗೆ ತಿಳಿಸಿಯೇ ಮುಂದುವರಿಯಿರಿ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಒಂದು ದಿನ ಹಳೆಯ ಊಟದ ಬಳಿಕ, ಇನ್ನೊಂದು ದಿನ ಹೊಸ ಊಟದ ಬಳಿಕ, ಎರಡು ಗಂಟೆ ಕಳೆದು ಪರೀಕ್ಷಿಸಿ ಬರೆದಿಡಿ. ಊಟದ ಕೊನೆಗೆ ಮೊಸರನ್ನ ಇಲ್ಲದೆ ತೃಪ್ತಿಯಾಗದಿದ್ದರೆ, ಅನ್ನ ಬಿಟ್ಟು ಆ ಮೊಸರನ್ನು ಮಜ್ಜಿಗೆ ಮಾಡಿ ಕುಡಿಯಬಹುದು.