ತೋಡಿಯ ಗಾಂಧಾರ ಗಿಟಾರಿನಲ್ಲಿ ಎಲ್ಲಿದೆ?

ಡೊಂಬಿವಲಿಯ ನಮ್ಮ ಮನೆಯಲ್ಲಿ ನನ್ನ ವೀಣೆಯ ಪಕ್ಕದಲ್ಲೇ ತಂಗಿಯ ಮಗನ ಎಲೆಕ್ಟ್ರಿಕ್ ಗಿಟಾರ್ ಇರುತ್ತದೆ. ಕಳೆದ ಮಳೆಗಾಲದ ಒಂದು ಸಂಜೆ ಅವನು ತೋಡಿ ರಾಗದ ಆರೋಹಣ (ಸ್ವರಗಳ ಏರಿಕೆ) ನುಡಿಸಿ, "ದೊಡ್ಡಮ್ಮ, ಸ್ವರಗಳೆಲ್ಲ ಸರಿಯಾಗಿವೆ. ಆದರೂ ಇದು ತೋಡಿಯಂತೆ ಕೇಳಿಸುತ್ತಿಲ್ಲ, ಏಕೆ?" ಎಂದು ಕೇಳಿದ.

ಕರ್ನಾಟಕ ಸಂಗೀತದ ಜನಕ ರಾಗಗಳ, ಅಂದರೆ ಮೇಳಗಳ, ಸಾಲಿನಲ್ಲಿ ತೋಡಿ ಎಂಟನೆಯದು. ಅದರ ಏಳು ಸ್ವರಗಳಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ಅದು ರಿಷಭದ ಬಳಿಯಿಂದ ಏಳುತ್ತದೆ, ಮಧ್ಯಮದತ್ತ ತೂಗುತ್ತದೆ, ಮರಳುತ್ತದೆ. ಆ ತೂಗಾಟವೇ ಗಾಂಧಾರ. ಅವನ ಬೆರಳು ಒಂದೇ ಫ್ರೆಟ್‌ನ (ಗಿಟಾರಿನ ಮೆಟ್ಟಿಲಿನ) ಮೇಲೆ ಅಲುಗದೆ ಕುಳಿತಿತ್ತು.

ಫ್ರೆಟ್‌ಗಳಿರುವುದರಿಂದಲೇ ಗಿಟಾರಿಗೆ ಗಮಕ, ಅಂದರೆ ಸ್ವರವನ್ನು ಹೀಗೆ ತೂಗಿಸುವುದು, ಒಲಿಯುವುದಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವೀಣೆಯಲ್ಲೂ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳಿವೆ. ವೈಣಿಕರು ರಿಷಭದ ಮೆಟ್ಟಿಲಿನಲ್ಲೇ ಬೆರಳಿಟ್ಟು ತಂತಿಯನ್ನು ಪಕ್ಕಕ್ಕೆ ಎಳೆದು ಗಾಂಧಾರವನ್ನು ಹೊರಡಿಸುತ್ತಾರೆ. ಹಾಗಾದರೆ ಗಿಟಾರಿನಲ್ಲಿ ಕಷ್ಟವೇನು? ತಂತಿಯ ಬಿಗಿ.

ತಂತಿಯ ಕಂಪನಾಂಕವು ಅದರ ಬಿಗಿಯ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಒಂದು ಸ್ವರಸ್ಥಾನ, ಅಂದರೆ ಒಂದು ಫ್ರೆಟ್‌ನಷ್ಟು, ಮೇಲೇರಲು ಬಿಗಿ ಸುಮಾರು ಶೇಕಡಾ 12ರಷ್ಟು ಹೆಚ್ಚಬೇಕು. ಶುದ್ಧ ರಿಷಭದಿಂದ ಶುದ್ಧ ಮಧ್ಯಮಕ್ಕೆ ನಾಲ್ಕು ಸ್ಥಾನ. ಅಲ್ಲಿಯವರೆಗೂ ಎಳೆದರೆ ಬಿಗಿ ಸುಮಾರು ಶೇಕಡಾ 59ರಷ್ಟು ಏರುತ್ತದೆ. ಗಿಟಾರಿನ ಅತಿ ತೆಳುವಾದ ಉಕ್ಕಿನ ತಂತಿ ಕಾಲು ಮಿಲಿಮೀಟರಿನಷ್ಟು ದಪ್ಪದ್ದಾಗಿದ್ದರೆ, ಸಾಮಾನ್ಯ ಶ್ರುತಿಯಲ್ಲೇ ಅದು ಏಳು ಕಿಲೋ ತೂಕ ನೇತುಹಾಕಿದಷ್ಟು ಬಿಗಿಯಾಗಿರುತ್ತದೆ. ಎಳೆದಾಗ ಅದು ಹನ್ನೊಂದು ಕಿಲೋ ದಾಟಿ, ತುಂಡಾಗುವ ಮಿತಿಯನ್ನು ಸಮೀಪಿಸುತ್ತದೆ. ಮುಂಬಯಿಯ ತೇವದ ಗಾಳಿಗೆ ತುಕ್ಕು ಹಿಡಿದ ತಂತಿಗಾದರೆ ಅಷ್ಟೂ ಬೇಡ. ಆ ಸಂಜೆ ಅವನ ಮೊದಲ ತಂತಿ ಹರಿದೇ ಹೋಯಿತು.

ಶ್ರುತಿ ಇಳಿಸುವುದು ಒಂದು ದಾರಿ. ಎರಡು ಸ್ಥಾನ ಇಳಿಸಿದರೆ ಬಿಗಿ ಐದನೆಯ ಒಂದು ಪಾಲು ತಗ್ಗುತ್ತದೆ. ಸಡಿಲ ತಂತಿಗೆ ಇನ್ನೊಂದು ಗುಣವೂ ಇದೆ: ಅಷ್ಟೇ ದೂರ ಎಳೆದರೂ ಅದರ ಸ್ವರ ಹೆಚ್ಚು ಮೇಲೇರುತ್ತದೆ.

ನನಗೆ ಇದಕ್ಕಿಂತ ಸೊಗಸಾಗಿ ಕಂಡದ್ದು ಜಾಗದ ಆಯ್ಕೆ. ಗಿಟಾರಿನಲ್ಲಿ ಒಂದೇ ಸ್ವರ ಹಲವು ತಂತಿಗಳಲ್ಲಿ ಸಿಗುತ್ತದೆ. ಮೊದಲ ತಂತಿಯನ್ನು ಷಡ್ಜಕ್ಕೂ ಎರಡನೆಯದನ್ನು ಕೆಳಗಿನ ಪಂಚಮಕ್ಕೂ ಶ್ರುತಿ ಮಾಡಿದರೆ, ಅದೇ ಶುದ್ಧ ರಿಷಭ ಮೊದಲ ತಂತಿಯ ಒಂದನೆಯ ಫ್ರೆಟ್‌ನಲ್ಲಿಯೂ ಎರಡನೆಯ ತಂತಿಯ ಆರನೆಯ ಫ್ರೆಟ್‌ನಲ್ಲಿಯೂ ಇರುತ್ತದೆ. ತುದಿಯ ಹತ್ತಿರ ತಂತಿ ಮೊಂಡು, ನಡುವಿನತ್ತ ಬಂದಂತೆ ಮೃದು. ಎರಡು ತಂತಿಗಳಿಗೂ ಒಂದೇ ಬಿಗಿ, ಒಂದೇ ಹಿಗ್ಗು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಆರನೆಯ ಫ್ರೆಟ್‌ನಲ್ಲಿ ಸುಮಾರು ಅರ್ಧ ಬಲ ಸಾಕು. ಬದಲಿಗೆ ಬೆರಳು ಎರಡರಷ್ಟು ದೂರ ಹೋಗಬೇಕು. ಗಮಕಕ್ಕೆ ಇದು ಲಾಭವೇ, ಏಕೆಂದರೆ ದೂರ ಹೆಚ್ಚಿದಷ್ಟೂ ತೂಗಾಟದ ಮೇಲೆ ಹಿಡಿತ ಹೆಚ್ಚು. ನುರಿತವರು ರಾಗಕ್ಕೆ ತಕ್ಕಂತೆ ಇಂಥ ಜಾಗಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ.

ಕಲಾವಿದರು ವಾದ್ಯವನ್ನೂ ಬದಲಿಸಿದ್ದಾರೆ. ಇಂಗ್ಲಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಭಾರತೀಯ ಸಂಗೀತ ಮತ್ತು ಜಾಝ್ ಬೆರೆಸಿದ 'ಶಕ್ತಿ' ತಂಡಕ್ಕಾಗಿ ನುಡಿಸಿದ ಗಿಟಾರಿನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ಕೊರೆದು ತಗ್ಗು ಮಾಡಲಾಗಿತ್ತು. ಬೆರಳಿಗೆ ಮರ ತಗಲದಿದ್ದರೆ ಎಳೆತ ಸಲೀಸು. ಯು. ಶ್ರೀನಿವಾಸ್ ಮ್ಯಾಂಡೊಲಿನ್ನಿನ ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿಗಳನ್ನು ಬಳಸಿದರು, ವಿದ್ಯುತ್ತಿನ ನೆರವು ಪಡೆದರು. ಒಂದು ಮೀಟಿನ ನಾದ ಹೆಚ್ಚು ಹೊತ್ತು ಕೇಳಿಸಿದರೆ ತಾನೇ ಅದರೊಳಗೆ ಗಮಕಕ್ಕೆ ಎಡೆ! ಆರ್. ಪ್ರಸನ್ನ ಅವರಂತೂ ಎಲೆಕ್ಟ್ರಿಕ್ ಗಿಟಾರಿನಲ್ಲೇ ಕರ್ನಾಟಕ ಸಂಗೀತದ ಕಛೇರಿಗಳನ್ನು ನಡೆಸಿದ್ದಾರೆ.

ಗಮಕವಿಲ್ಲದ ಶಂಕರಾಭರಣ ನುಡಿಸಲು ಇದಾವುದೂ ಬೇಡ. ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರಗಳು ಅಂಥವೇ, ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದ ರಚನೆಗಳು. ನಮ್ಮ ಹುಡುಗ ಅವನ್ನು ಒಂದೇ ವಾರದಲ್ಲಿ ಕಲಿತಿದ್ದ. ತೋಡಿ ಹಾಗೆ ಬಿಡುವುದಿಲ್ಲ.

ಮಾಟುಂಗಾದಲ್ಲಿ ಒಂದು ವೀಣಾ ಕಛೇರಿ ಕೇಳಿ ಲೋಕಲ್ ರೈಲಿನಲ್ಲಿ ಮರಳುವಾಗ ಅವನು ಮಾತೇ ಆಡಲಿಲ್ಲ. ಎಡಗೈಯ ಎರಡು ಬೆರಳುಗಳನ್ನು ಮೊಣಕಾಲಿನ ಮೇಲೆ ಅತ್ತಿತ್ತ ಎಳೆಯುತ್ತಲೇ ಇದ್ದ. ಮನೆಗೆ ಬಂದವನು ಶ್ರುತಿ ಇಳಿಸಿ, ಎರಡನೆಯ ತಂತಿಯ ಆರನೆಯ ಫ್ರೆಟ್‌ನಲ್ಲಿ ಬೆರಳಿಟ್ಟು ಒಮ್ಮೆ ಮೀಟಿ ಎಳೆದ. ಸ್ವರ ಮಧ್ಯಮದವರೆಗೆ ಹೋಗಲಿಲ್ಲ, ಅದರ ಹೊಸ್ತಿಲಿನಿಂದ ಮರಳಿತು. ಅಡುಗೆಮನೆಯಿಂದ ನಮ್ಮಮ್ಮ, "ತೋಡಿ ಯಾರು ನುಡಿಸುತ್ತಿರುವುದು?" ಎಂದು ಕೇಳಿದರು.